ಗರಿಸ್ಸಾ: ನಮ್ಮ ಕಣ್ಣೀರು ಧರ್ಮ ಕೇಳಿ ಹರಿಯಬೇಕೇ?

2015ರ ಎಪ್ರಿಲ್ 2, ಗುರುವಾರ. ಕೀನ್ಯಾದ ಈಶಾನ್ಯ ಭಾಗದ ಗರಿಸ್ಸಾ ಪಟ್ಟಣದಲ್ಲಿ ಫಜ್ರ್‌ನ ಹೊತ್ತು. ಅಲ್ಲಿನ ವಿಶ್ವವಿದ್ಯಾನಿಲಯ ಕಾಲೇಜಿನ ವಸತಿಗೃಹಗಳಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಇನ್ನೂ ನಿದ್ದೆಯಲ್ಲಿದ್ದರು. ಕೆಲವು ಕ್ರೈಸ್ತ ವಿದ್ಯಾರ್ಥಿಗಳು ಮುಂಜಾನೆಯ ಪ್ರಾರ್ಥನೆಗಾಗಿ ಒಂದೆಡೆ ಸೇರಿದ್ದರು. ಆಗ ಅಲ್ ಶಬಾಬ್‌ನ ನಾಲ್ವರು ಬಂದೂಕುಧಾರಿಗಳು ಒಳನುಗ್ಗಿದರು. ಮುಸ್ಲಿಮರನ್ನು ಬೇರ್ಪಡಿಸಿ, ಉಳಿದವರನ್ನು ಕೊಂದರು. ಸಂಜೆಯಾಗುವಷ್ಟರಲ್ಲಿ 148 ಜೀವಗಳು ಹೋಗಿದ್ದವು. ಅವರಲ್ಲಿ 142 ಮಂದಿ ವಿದ್ಯಾರ್ಥಿಗಳು.

ಶವಗಳನ್ನು ನೈರೋಬಿಗೆ ಸಾಗಿಸಲಾಯಿತು. ಮಕ್ಕಳನ್ನು ಗುರುತಿಸಲು ತಂದೆ ತಾಯಂದಿರು ಶವಾಗಾರದ ಮುಂದೆ ದಿನಗಟ್ಟಲೆ ಕಾದರು. ಅದು ಈಸ್ಟರ್‌ನ ವಾರ. ದೇಶವಿಡೀ ಮೂರು ದಿನಗಳ ಶೋಕ ಆಚರಿಸಿತು.

ವರ್ಷಗಳು ಉರುಳಿವೆ. ಆದರೆ ಗರಿಸ್ಸಾ ನಮ್ಮ ಮುಂದಿಟ್ಟ ಪ್ರಶ್ನೆಗೆ ನಾವು ಇನ್ನೂ ಪ್ರಾಮಾಣಿಕವಾಗಿ ಉತ್ತರಿಸಿಲ್ಲ. ಧರ್ಮದ ಹೆಸರಿನಲ್ಲಿ ಕೊಂದವರು ನಮ್ಮ ಧರ್ಮದ ಹೆಸರನ್ನೇ ಹೇಳಿದಾಗ, ಸತ್ತವರು ನಮ್ಮ ಧರ್ಮದವರಲ್ಲದಿದ್ದಾಗ, ನಾವು ಅತ್ತೆವೇ?

ಇಂಥ ಸಂದರ್ಭಗಳಲ್ಲಿ ನಮ್ಮ ಬಳಿ ಸಿದ್ಧ ಉತ್ತರಗಳಿರುತ್ತವೆ. "ಅವರಿಗೂ ಇಸ್ಲಾಮಿಗೂ ಸಂಬಂಧವಿಲ್ಲ" ಎಂಬುದು ಮೊದಲನೆಯದು. "ಇದರ ಹಿಂದೆ ಪಿತೂರಿಯಿದೆ" ಎಂಬುದು ಎರಡನೆಯದು. "ನಮ್ಮವರು ಸತ್ತಾಗ ಜಗತ್ತು ಎಲ್ಲಿತ್ತು?" ಎಂಬುದು ಮೂರನೆಯದು.

ಮೂರನೆಯದರಿಂದಲೇ ಆರಂಭಿಸೋಣ. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಅದೇ ವರ್ಷದ ಜನವರಿಯಲ್ಲಿ ಪ್ಯಾರಿಸ್‌ನ ದಾಳಿಗಳಲ್ಲಿ 17 ಮಂದಿ ಹತರಾದಾಗ ಹತ್ತಾರು ದೇಶಗಳ ನಾಯಕರು ಅಲ್ಲಿನ ಬೀದಿಯಲ್ಲಿ ಕೈ ಕೈ ಹಿಡಿದು ನಡೆದರು. ನೈರೋಬಿಯಲ್ಲಿ ಅಂಥ ಮೆರವಣಿಗೆ ನಡೆಯಲಿಲ್ಲ. ಆಫ್ರಿಕದ ಕಪ್ಪು ಮಕ್ಕಳ ರಕ್ತಕ್ಕೆ ಜಗತ್ತಿನ ತಕ್ಕಡಿಯಲ್ಲಿ ತೂಕ ಕಡಿಮೆ. ಆದರೆ ಜಗತ್ತಿನ ತಕ್ಕಡಿಯನ್ನು ದೂರುವ ನಾವು ನಮ್ಮ ತಕ್ಕಡಿಯನ್ನು ಪರೀಕ್ಷಿಸಿದ್ದೇವೆಯೇ? ಪ್ಯಾಲೆಸ್ತೀನಿನ ಮಗುವಿಗಾಗಿ ಕೈಯೆತ್ತಿ ದುಆ ಮಾಡುವ ನಾವು, ಗರಿಸ್ಸಾದ ಕ್ರೈಸ್ತ ತಾಯಿಗಾಗಿ ಒಂದು ಮಾತು ಆಡಿದೆವೇ? ಇತರರ ಇಬ್ಬಗೆ ನೀತಿಯನ್ನು ತೋರಿಸಿ ನಮ್ಮ ಮೌನವನ್ನು ಮುಚ್ಚಿಕೊಳ್ಳುವುದು ನ್ಯಾಯವಲ್ಲ, ಜಾಣತನ.

ಪಿತೂರಿಯ ಮಾತೂ ನಿಲ್ಲದು. ಅಲ್ ಶಬಾಬ್ ತಾನೇ ಹೊಣೆ ಹೊತ್ತಿತು. 2011ರಲ್ಲಿ ಕೀನ್ಯಾ ತನ್ನ ಸೇನೆಯನ್ನು ಸೊಮಾಲಿಯಕ್ಕೆ ಕಳುಹಿಸಿದ್ದಕ್ಕೆ ಇದು ಪ್ರತೀಕಾರವೆಂದಿತು. ಸರಕಾರವೊಂದರ ಸೇನಾ ನಿರ್ಧಾರಕ್ಕೆ ಹಾಸಿಗೆಯಲ್ಲಿ ಮಲಗಿದ್ದ ಹೆಣ್ಣುಮಗಳು ಹೇಗೆ ಹೊಣೆ? ಯುದ್ಧರಂಗದಲ್ಲೂ ಹೆಂಗಸರನ್ನು, ಮಕ್ಕಳನ್ನು ಮುಟ್ಟಬಾರದೆಂದ ಪ್ರವಾದಿಯ(ಸ) ಅನುಯಾಯಿಗಳೆಂದು ಹೇಳಿಕೊಳ್ಳುವ ಅರ್ಹತೆ ಇವರಿಗೆಲ್ಲಿದೆ?

ಇನ್ನು ಮೊದಲನೆಯ ಉತ್ತರ. ಈ ಕೃತ್ಯಕ್ಕೂ ಇಸ್ಲಾಮಿಗೂ ಸಂಬಂಧವಿಲ್ಲವೆಂಬುದು ಸತ್ಯ. ಆದರೆ ಈ ಕೊಲೆಗಾರರಿಗೂ ನಮ್ಮ ಸಮಾಜಕ್ಕೂ ಸಂಬಂಧವಿಲ್ಲವೇ? ದಾಳಿ ಮಾಡಿದವರಲ್ಲೊಬ್ಬ ನೈರೋಬಿ ವಿಶ್ವವಿದ್ಯಾನಿಲಯದ ಕಾನೂನು ಪದವೀಧರ. ಸರಕಾರಿ ಅಧಿಕಾರಿಯ ಮಗ. ಮಗ ಕಾಣೆಯಾಗಿದ್ದಾನೆಂದು ತಂದೆ ಮೊದಲೇ ದೂರಿದ್ದರು. ಸಂಚಿನ ಸೂತ್ರಧಾರನೆಂದು ಸರಕಾರ ಹೆಸರಿಸಿದವನು ಹಿಂದೆ ಗರಿಸ್ಸಾದಲ್ಲೇ ಮದ್ರಸವೊಂದರಲ್ಲಿ ಪಾಠ ಹೇಳಿದವನು. ಅಂದರೆ ಇದು ಕೇವಲ ಬಡತನದ, ಅನಕ್ಷರತೆಯ ಕಥೆಯಲ್ಲ. ಓದಿದ ಮನೆಯೊಳಗೂ ದ್ವೇಷ ನುಸುಳುತ್ತದೆ. ಅದನ್ನು ನುಸುಳಲು ಬಿಟ್ಟವರು ಯಾರು?

ಈ ದ್ವೇಷ ಮುಸ್ಲಿಮರಿಗೆ ಕೊಟ್ಟದ್ದಾದರೂ ಏನು? ಗರಿಸ್ಸಾ ಸೊಮಾಲಿ ಮುಸ್ಲಿಮರೇ ಬಹುಸಂಖ್ಯಾತರಾಗಿರುವ, ದಶಕಗಳಿಂದ ಕಡೆಗಣಿಸಲ್ಪಟ್ಟ ಪ್ರದೇಶ. 2011ರಲ್ಲಿ ಅಲ್ಲಿಗೆ ಬಂದ ಆ ಕಾಲೇಜು ಆ ಜನರ ಮಕ್ಕಳಿಗೂ ತೆರೆದ ಬಾಗಿಲಾಗಿತ್ತು. ದಾಳಿಯ ನಂತರ ಅದು ಮುಚ್ಚಿತು. ಬದುಕುಳಿದವರು ಎಲ್ಡೊರೆಟ್‌ಗೆ ತೆರಳಿದರು. 2016ರ ಜನವರಿಯಲ್ಲಷ್ಟೇ ಬಾಗಿಲು ಮತ್ತೆ ತೆರೆಯಿತು. ಹೊರಗಿನಿಂದ ಬಂದ ಶಿಕ್ಷಕರು ಭಯದಿಂದ ಆ ಪ್ರಾಂತ್ಯವನ್ನೇ ತೊರೆದು, ಶಾಲೆಗಳು ಬರಿದಾದವು. "ಓದು" ಎಂಬ ಆಜ್ಞೆಯಿಂದ ಆರಂಭವಾದ ಧರ್ಮದ ಹೆಸರಿನಲ್ಲಿ ಮುಸ್ಲಿಮ್ ಮಕ್ಕಳ ಕೈಯಿಂದಲೇ ಪುಸ್ತಕ ಕಿತ್ತುಕೊಳ್ಳಲಾಯಿತು.

ಕೀನ್ಯಾದ ಆಡಳಿತಕ್ಕೂ ಇಲ್ಲಿ ಪಾಠವಿದೆ. ವಿಶೇಷ ಪಡೆ ಗರಿಸ್ಸಾ ತಲುಪಲು ಗಂಟೆಗಳೇ ಹಿಡಿದವು. ಆದರೆ ಒಂದು ವರ್ಷ ಮೊದಲು, 2014ರ ಎಪ್ರಿಲ್‌ನಲ್ಲಿ, ಸಾವಿರಾರು ಸೊಮಾಲಿಗಳನ್ನು ಹಿಡಿದು ನೈರೋಬಿಯ ಕ್ರೀಡಾಂಗಣದಲ್ಲಿ ಕೂಡಿಹಾಕಲು ಅದೇ ಆಡಳಿತಕ್ಕೆ ತಡವಾಗಿರಲಿಲ್ಲ. ಇಡೀ ಸಮುದಾಯವನ್ನು ಅಪರಾಧಿಯೆಂದು ಕಾಣುವುದು ಭಯೋತ್ಪಾದಕರಿಗೆ ಕೊಡುವ ಉಡುಗೊರೆ.

ಹಾಗಾದರೆ ದಾರಿ ಯಾವುದು? ಅದನ್ನೂ ಕೀನ್ಯಾದ ಮುಸ್ಲಿಮರೇ ತೋರಿಸಿದ್ದಾರೆ. 2015ರ ಡಿಸೆಂಬರ್‌ನಲ್ಲಿ ಮಂದೇರಾಕ್ಕೆ ಹೊರಟಿದ್ದ ಬಸ್ಸನ್ನು ಬಂದೂಕುಧಾರಿಗಳು ತಡೆದು, ಮುಸ್ಲಿಮರು ಬೇರೆಯಾಗಿ ನಿಲ್ಲಬೇಕೆಂದರು. ಮುಸ್ಲಿಮ್ ಪ್ರಯಾಣಿಕರು ಒಪ್ಪಲಿಲ್ಲ. ಮಹಿಳೆಯರು ತಮ್ಮ ಶಿರವಸ್ತ್ರಗಳನ್ನು ಕ್ರೈಸ್ತ ಸಹೋದರಿಯರಿಗೆ ಕೊಟ್ಟರು. ಕೊಂದರೆ ಎಲ್ಲರನ್ನೂ ಕೊಲ್ಲಿ, ಇಲ್ಲವೇ ಎಲ್ಲರನ್ನೂ ಬಿಡಿ ಎಂದರು. ಗುಂಡೇಟು ತಿಂದ ಮುಸ್ಲಿಮ್ ಶಿಕ್ಷಕ ಸಲಾಹ್ ಫರಾಹ್ ಮರು ತಿಂಗಳು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಗರಿಸ್ಸಾದ ಕೊಲೆಗಾರರಿಗೆ ಇಸ್ಲಾಮ್ ಕೊಟ್ಟ ಉತ್ತರ ಆ ಬಸ್ಸಿನಲ್ಲಿತ್ತು.

ಅದು ಹೊಸ ಉತ್ತರವೂ ಅಲ್ಲ. ಮಕ್ಕಾದ ಹಿಂಸೆ ತಾಳಲಾರದೆ ಹೊರಟ ಮೊದಲ ಮುಸ್ಲಿಮರಿಗೆ ಆಶ್ರಯ ನೀಡಿದ್ದು ಅದೇ ಪೂರ್ವ ಆಫ್ರಿಕದ ಕ್ರೈಸ್ತ ದೊರೆ ನಜಾಶಿ. ಯಹೂದಿಯೊಬ್ಬನ ಶವಯಾತ್ರೆ ಹಾದುಹೋದಾಗ ಎದ್ದು ನಿಂತವರು ನಮ್ಮ ಪ್ರವಾದಿ(ಸ). ಆ ಋಣ, ಆ ಮಾದರಿ ನಮಗೆ ಮರೆತುಹೋಯಿತೇ?

ಇಂಥ ಘಟನೆಯ ಮರುದಿನ ಹೇಳಿಕೆ ಹೊರಡಿಸಿದರೆ ನಮ್ಮ ಹೊಣೆ ಮುಗಿಯದು. ಜೀವದ ಪಾವಿತ್ರ್ಯವನ್ನು ಸಾರುವ ಕುರ್‌ಆನ್ ವಚನ ಭಿತ್ತಿಪತ್ರಕ್ಕೆ ಮಾತ್ರ ಮೀಸಲಾಗಬಾರದು. ಅದು ಜುಮುಅ ಖುತ್ಬಾಗಳಲ್ಲಿ, ಮದ್ರಸದ ಪಾಠಗಳಲ್ಲಿ, ಊಟದ ಹೊತ್ತಿನ ಮಾತುಗಳಲ್ಲಿ ದಿನವೂ ಉಸಿರಾಡಬೇಕು. ಮಗ ಯಾರ ಭಾಷಣಕ್ಕೆ ಕಿವಿಗೊಡುತ್ತಿದ್ದಾನೆಂದು ತಂದೆ ವಿಚಾರಿಸಬೇಕು. ಅನ್ಯ ಧರ್ಮೀಯರ ಸಾವನ್ನು ಲಘುವಾಗಿ ಕಾಣುವ ಮಾತು ಮನೆಯಲ್ಲಿ ಕೇಳಿಬಂದರೆ ತಾಯಿ ಅಲ್ಲಿಯೇ ತಡೆಯಬೇಕು.

ಗರಿಸ್ಸಾದ ತಾಯಂದಿರು ನಮ್ಮಿಂದ ಸ್ಪಷ್ಟೀಕರಣ ಬೇಡುವುದಿಲ್ಲ. ಅವರಿಗಾಗಿ ಕಣ್ಣು ತೇವಗೊಳ್ಳದಿದ್ದರೆ, ನಮ್ಮವರಿಗಾಗಿ ಹರಿಸುವ ಕಣ್ಣೀರನ್ನು ಜಗತ್ತು ನಂಬಬೇಕೆಂದು ಕೇಳುವ ಹಕ್ಕು ನಮಗೆಲ್ಲಿದೆ?