ಪರದೇಶದ ಮನೆ, ಪರರ ಕಣ್ಣು

ಬೆಂಗಳೂರಿನ ತಾರಾ ಹೋಟೆಲುಗಳ ಸಭಾಂಗಣಗಳಲ್ಲಿ ನಡೆಯತಕ್ಕ ವಿದೇಶೀ ಸ್ವತ್ತಿನ ಮೇಳಗಳಲ್ಲಿ ದುಬೈಯ ಗಗನಚುಂಬಿಗಳ ಜೊತೆಗೆ ಇಂಗ್ಲೆಂಡಿನ ಮನೆಗಳನ್ನೂ ಮಾರಾಟಕ್ಕಿಡುವುದು ಈಗ ರೂಢವಾಗಿದೆ. ಬರ್ನ್‌ಲಿ, ಬ್ರಾಡ್‌ಫರ್ಡ್‌ಗಳಂಥ ಉತ್ತರ ಇಂಗ್ಲೆಂಡಿನ ಹಳೆಯ ಗಿರಣಿ ಪಟ್ಟಣಗಳಲ್ಲಿ ಒಂದು ಲಕ್ಷ ಪೌಂಡಿನೊಳಗೆ ಸಾಲುಮನೆಯೊಂದು ದೊರೆಯುತ್ತದೆಂದೂ, ಅಲ್ಪಸ್ವಲ್ಪ ದುರಸ್ತಿ ಮಾಡಿಸಿ ಬಾಡಿಗೆಗೆ ಕೊಟ್ಟರೆ ತಿಂಗಳು ತಿಂಗಳೂ ಪೌಂಡಿನಲ್ಲಿ ಆದಾಯ ಬರುತ್ತದೆಂದೂ ಕೇಳಿದಾಗ, ಜಯನಗರದ ಫ್ಲ್ಯಾಟಿನ ಬೆಲೆಯನ್ನು ಬಲ್ಲ ಗೃಹಸ್ಥನ ಮನಸ್ಸು ಅತ್ತ ಒಲಿಯುವುದು ಸಹಜ. ಆರ್ಥಿಕ ವರ್ಷವೊಂದಕ್ಕೆ 2,50,000 ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಲು ರಿಸರ್ವ್ ಬ್ಯಾಂಕು ಅನುಮತಿಸಿರುವುದರಿಂದ ಈ ಅಪೇಕ್ಷೆಯಲ್ಲಿ ಕಾನೂನಿಗೆ ವಿರುದ್ಧವಾದುದೇನೂ ಇಲ್ಲ. ಆದರೆ ಸಾವಿರಾರು ಮೈಲಿ ದೂರದ ಮನೆಯನ್ನು ಅನ್ಯರ ಕಣ್ಣಿನಿಂದಲೇ ನೋಡಬೇಕಾದುದರಿಂದ, ಆ ಕಣ್ಣು ಯಾರದು, ಅದಕ್ಕೆ ಸಂಭಾವನೆ ಕೊಡುವವರು ಯಾರು ಎಂಬುದೇ ಈ ವ್ಯವಹಾರದ ಮೂಲಪ್ರಶ್ನೆ. ಮಾರುವವನು, ಪರೀಕ್ಷಿಸುವವನು, ದುರಸ್ತಿ ಮಾಡುವವನು, ಈ ಮೂವರೂ ಬೇರೆ ಬೇರೆಯಾಗಿರದ ಹೊರತು ಯಾರೂ ಹಣ ತೊಡಗಿಸಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಮನೆ ಮಾರಾಟದ ಏಜೆಂಟನಾಗಲು ಪರೀಕ್ಷೆಯಾಗಲಿ ಪರವಾನಗಿಯಾಗಲಿ ಬೇಕಿಲ್ಲ. ಸಾಮಾನ್ಯವಾಗಿ ಅವನು ಮಾರುವವನ ಪ್ರತಿನಿಧಿಯೇ ಹೊರತು ಕೊಳ್ಳುವವನ ಹಿತಚಿಂತಕನಲ್ಲ. ಆದಾಗ್ಯೂ ಅವನನ್ನು ಪರಾಮರ್ಶಿಸುವ ಉಪಾಯಗಳನ್ನು ಆ ದೇಶವೇ ಒದಗಿಸಿದೆ. ಕೊಂಡ ಮನೆಯನ್ನು ಮುಂದೆ ನೋಡಿಕೊಳ್ಳುವ ಬಾಡಿಗೆ ಏಜೆಂಟರು 2014ರಿಂದ ಮಾನ್ಯತೆ ಪಡೆದ ದೂರುಪರಿಹಾರ ಸಂಸ್ಥೆಯೊಂದರ ಸದಸ್ಯರಾಗಿರಬೇಕು. ಅವರಲ್ಲಿ ಗ್ರಾಹಕರ ಹಣವನ್ನು ಕೈಯಲ್ಲಿರಿಸಿಕೊಳ್ಳುವವರು 2019ರಿಂದ ಆ ಹಣಕ್ಕೆ ರಕ್ಷಣೆ ನೀಡುವ ಯೋಜನೆಗೂ ಸೇರಿರಬೇಕು. ಏಜೆಂಟನ ಕಂಪನಿಯ ನಿರ್ದೇಶಕರು ಯಾರು, ಅವರು ಹಿಂದೆ ಎಷ್ಟು ಕಂಪನಿಗಳನ್ನು ತೆರೆದು ಮುಚ್ಚಿದ್ದಾರೆ ಎಂಬುದನ್ನು ಕಂಪನಿಗಳ ನೋಂದಣಿ ಕಚೇರಿಯಾದ ಕಂಪನೀಸ್ ಹೌಸಿನ ದಾಖಲೆಗಳಲ್ಲಿ ಯಾವ ಶುಲ್ಕವೂ ಇಲ್ಲದೆ ನೋಡಬಹುದು. ಅದೇ ಬೀದಿಯ ನೆರೆಮನೆ ಎಷ್ಟಕ್ಕೆ ಮಾರಾಟವಾಯಿತೆಂಬುದು ಭೂನೋಂದಣಿ ಇಲಾಖೆಯ 1995ರಿಂದೀಚಿನ ದಾಖಲೆಗಳಲ್ಲಿ ಸಿಗುತ್ತದೆ. ಮನೆಯಲ್ಲಿ ಕುಳಿತೇ ಮಾಡಬಹುದಾದ ಈ ಅಲ್ಪ ಶ್ರಮವನ್ನು ಮುಂಗಡ ಕೊಡುವ ಮೊದಲೇ ಮಾಡತಕ್ಕದ್ದು.

ಇನ್ನು ದುರಸ್ತಿಯ ವಿಚಾರ. ಅಲ್ಲಿಯ ಸಾಲುಮನೆಗಳಲ್ಲಿ ಅನೇಕವು ವಿಕ್ಟೋರಿಯಾ ರಾಣಿಯ ಕಾಲದವು. ಗೋಡೆಯ ಎರಡು ಪದರಗಳ ನಡುವೆ ಗಾಳಿಗೆ ಎಡೆಬಿಡುವ ಪದ್ಧತಿ ಪ್ರಚಾರಕ್ಕೆ ಬರುವ ಮುನ್ನ ಕಟ್ಟಿದ ಅವುಗಳ ಅಖಂಡ ಗೋಡೆಗಳು ಸುಣ್ಣದ ಗಾರೆಯ ಮೂಲಕ ತೇವವನ್ನು ಹೊರಗೆ ಬಿಡುವಂತೆ ರಚಿತವಾದವು. ಕಾಲಕ್ರಮದಲ್ಲಿ ಹೊರಗಿನ ನೆಲ ಏರಿ, ಬುಡದಲ್ಲಿ ತೇವ ತಡೆಯಲು ಹಾಸಿದ ಸ್ಲೇಟು ಕಲ್ಲಿನ ಪದರವನ್ನು ಮೀರಿದರೆ, ಅಥವಾ ಮಳೆನೀರಿನ ದೋಣಿ ಒಡೆದು ಗೋಡೆಯ ಮೇಲೆ ಸೋರಿದರೆ, ಇಲ್ಲವೆ ಯಾರಾದರೂ ಸಿಮೆಂಟಿನ ಗಿಲಾವು ಮಾಡಿ ತೇವದ ಹೊರದಾರಿಯನ್ನೇ ಮುಚ್ಚಿದರೆ, ಒಳಗೋಡೆಯಲ್ಲಿ ಕಂದುಗೆರೆ ಮೂಡುತ್ತದೆ, ಗಿಲಾವು ಉಪ್ಪೊಡೆದು ಉದುರುತ್ತದೆ, ಮೂಲೆಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಹೊಸ ಬಣ್ಣ ಬಳಿದು ತೆಗೆದ ಛಾಯಾಚಿತ್ರದಲ್ಲಿ ಇದಾವುದೂ ಕಾಣದು. ತೇವವನ್ನು ಉಚಿತವಾಗಿ ಪರೀಕ್ಷಿಸಿಕೊಡುತ್ತೇವೆಂದು ಬರುವವರು ಬಹುಮಟ್ಟಿಗೆ ಗೋಡೆಗೆ ರಾಸಾಯನಿಕ ತುಂಬಿ ಮರಳಿ ಗಿಲಾವು ಮಾಡುವುದನ್ನೇ ಕಸುಬಾಗಿ ಉಳ್ಳವರಾದುದರಿಂದ, ಅವರ ವರದಿ ಆ ಚಿಕಿತ್ಸೆಯಲ್ಲಿಯೇ ಪರ್ಯವಸಾನವಾಗುತ್ತದೆ. ದೋಣಿಯನ್ನು ಸರಿಪಡಿಸಿ ಹೊರಗಿನ ಮಣ್ಣನ್ನು ತಗ್ಗಿಸಿದರೆ ಮುಗಿಯಬಹುದಾದ ಕೆಲಸಕ್ಕೆ ಸಾವಿರಾರು ಪೌಂಡು ಸಲ್ಲುತ್ತದೆ, ದೋಷವೂ ಉಳಿಯುತ್ತದೆ. ಆದಕಾರಣ 1868ರಲ್ಲಿ ಸ್ಥಾಪಿತವಾದ ಆರ್‌ಐಸಿಎಸ್ ಎಂಬ ಸರ್ವೇಯರರ ವೃತ್ತಿಸಂಸ್ಥೆಯ ಸದಸ್ಯನಾದ ಸರ್ವೇಯರನೊಬ್ಬನನ್ನು ಕೊಳ್ಳುವವನೇ ಆರಿಸಿ, ತಾನೇ ಹಣ ಕೊಟ್ಟು, ಹಳೆಯ ಕಟ್ಟಡಗಳಿಗೆ ತಕ್ಕುದಾದ ಮೂರನೆಯ ಶ್ರೇಣಿಯ ಸಮಗ್ರ ಪರೀಕ್ಷೆಯನ್ನು ಮಾಡಿಸಬೇಕು. ಛಾವಣಿ, ವಿದ್ಯುತ್ ತಂತಿ, ಬಾಯ್ಲರು, ತೇವ ಎಂದು ಬಾಬುವಾರು ಬರೆದ ಅಂದಾಜುಪಟ್ಟಿಯನ್ನು ಇಬ್ಬರು ಮೂವರು ಗುತ್ತಿಗೆದಾರರಿಂದ ಪಡೆದು, ಒಂದೊಂದು ಹಂತ ಮುಗಿದು ಸರ್ವೇಯರನು ನೋಡಿ ಒಪ್ಪಿದ ಮೇಲಷ್ಟೇ ಹಣ ಸಲ್ಲಿಸಬೇಕು.

ಮೇಳದ ಕರಪತ್ರದ ಲೆಕ್ಕದಲ್ಲಿ ಹಿಂದೆ ಸರಿದು ನಿಲ್ಲುವ ಬಾಬುಗಳು ಬೇರೆ ಇವೆ. ಒಂದು ಲಕ್ಷ ಪೌಂಡಿನ ಮನೆಗೆ, ನಮ್ಮೂರಿನಲ್ಲಿ ಈಗಾಗಲೇ ಮನೆಯುಳ್ಳವನು ಹೆಚ್ಚುವರಿ ಮನೆಯ ಶೇ. 5, ಅನಿವಾಸಿಯೆಂಬ ಕಾರಣಕ್ಕೆ ಶೇ. 2, ಒಟ್ಟು 7,000 ಪೌಂಡು ಮುದ್ರಾಂಕ ತೆರಿಗೆ ಕಟ್ಟಬೇಕು. ದುರಸ್ತಿಯ ಕೆಲಸದ ಮೇಲೆ ಸಾಮಾನ್ಯವಾಗಿ ಶೇ. 20ರ ಮೌಲ್ಯವರ್ಧಿತ ತೆರಿಗೆಯುಂಟು. ಇಲ್ಲಿಂದ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿ ಕಳುಹಿಸಿದ ಹಣದ ಮೇಲೆ ಬ್ಯಾಂಕು ಶೇ. 20ನ್ನು ಮೂಲದಲ್ಲೇ ವಸೂಲು ಮಾಡುತ್ತದೆ. ಆದಾಯ ತೆರಿಗೆಯಲ್ಲಿ ಅದು ಜಮೆಯಾಗುವುದಾದರೂ ಅಲ್ಲಿಯವರೆಗೆ ಕೈಗೆ ಸಿಗದ ಹಣ ಅದು.

ಇವೆಲ್ಲಕ್ಕಿಂತ ಗುರುತರವಾದ ವಿಷಯ ಮತ್ತೊಂದಿದೆ. ಮ್ಯಾಂಚೆಸ್ಟರಿಗೆ ಸಮೀಪದ ರಾಚ್‌ಡೇಲಿನಲ್ಲಿ, ವಸತಿಸಂಸ್ಥೆಯೊಂದರ ಬಾಡಿಗೆ ಮನೆಯಲ್ಲಿದ್ದ ಅವಾಬ್ ಇಶಾಕ್ ಎಂಬ ಎರಡು ವರ್ಷದ ಶಿಶು 2020ರಲ್ಲಿ ಮೃತಪಟ್ಟಾಗ, ಗೋಡೆಯ ಬೂಷ್ಟನ್ನು ದೀರ್ಘಕಾಲ ಉಸಿರಾಡಿದ್ದೇ ಕಾರಣವೆಂದು ವಿಚಾರಣೆಯಲ್ಲಿ ನಿರ್ಣಯವಾಯಿತು. ತಂದೆಯು ಅದಕ್ಕೆ ಬಹಳ ಮೊದಲೇ ದೂರು ಕೊಟ್ಟಿದ್ದನು. ಮನೆಯ ಒಡೆಯರು ಅದೇ ಊರಿನಲ್ಲಿದ್ದಾಗಲೇ ಹೀಗಾಗಿರುವಲ್ಲಿ, ಮಲ್ಲೇಶ್ವರದಲ್ಲಿ ಕುಳಿತ ಒಡೆಯನಿಗೆ ಬಾಡಿಗೆದಾರನ ದೂರು ಪ್ರಾಮಾಣಿಕನಾದ ಏಜೆಂಟನಿಲ್ಲದೆ ಹೇಗೆ ತಲುಪೀತು? ವರ್ಷಕ್ಕೊಮ್ಮೆ ಅನಿಲದ ತಪಾಸಣೆ, ಐದು ವರ್ಷಕ್ಕೊಮ್ಮೆಯಾದರೂ ವಿದ್ಯುತ್ತಿನ ತಪಾಸಣೆ ಅಲ್ಲಿ ಕಾನೂನಿನಿಂದ ವಿಹಿತವಾಗಿವೆ. ಅವುಗಳ ವೆಚ್ಚವನ್ನು ಭಾರವೆಂದೆಣಿಸದೆ ಬಾಡಿಗೆ ಪಡೆಯುವವನ ಧರ್ಮವೆಂದೇ ಗ್ರಹಿಸಬೇಕು.

ಆದುದರಿಂದ ಮೇಳಕ್ಕೆ ಹೋಗುವವರು ಅಲ್ಲಿ ಸಹಿ ಹಾಕದೆ ಹಿಂತಿರುಗಲಿ. ಏಜೆಂಟನಿಗೆ ಯಾರು ಯಾರಿಂದ ಎಷ್ಟು ಕಮಿಷನ್ ಬರುತ್ತದೆ, ದುರಸ್ತಿಯ ಗುತ್ತಿಗೆದಾರನಿಗೂ ಅವನಿಗೂ ಏನು ಸಂಬಂಧ, ಬಾಡಿಗೆದಾರನ ದೂರಿಗೆ ಎಷ್ಟು ದಿನಗಳಲ್ಲಿ ಉತ್ತರ ಕೊಡುತ್ತಾನೆ ಎಂಬ ಮೂರನ್ನೂ ಬರವಣಿಗೆಯಲ್ಲಿ ಕೇಳಲಿ. ಬರೆದುಕೊಡಲು ಹಿಂಜರಿಯುವವನ ಸಹವಾಸ ಬೇಡ. ಸ್ವತಂತ್ರ ಪರೀಕ್ಷೆಗೆ ಹಣ ವೆಚ್ಚಮಾಡಲು ತನಗೇ ಮನಸ್ಸಿಲ್ಲದಿದ್ದರೆ, ಆ ಮನೆಯನ್ನು ಕೊಳ್ಳದಿರುವುದೇ ಲೇಸು.