ಪ್ರೌಢಶಾಲೆಯಲ್ಲಿ ಎಲ್ಲ ಮಕ್ಕಳಿಗೂ ನಿತ್ಯದ ಅಡುಗೆ ಕಲಿಸುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಬಹುಮಹಡಿಗಳ ಕಟ್ಟಡ, ಡಾ. ಅಂಬೇಡ್ಕರ್ ವೀಧಿ, ಬೆಂಗಳೂರು.

ಇವರಿಂದ,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಪೋಷಕರು, ಎಸ್‌ಡಿಎಂಸಿ ಸದಸ್ಯರು ಹಾಗೂ ನಿವೃತ್ತ ಶಿಕ್ಷಕರು.

ವಿಷಯ: ಎಂಟನೆಯಿಂದ ಹತ್ತನೇ ತರಗತಿಯವರೆಗೆ ಹುಡುಗ ಹುಡುಗಿಯರಿಬ್ಬರಿಗೂ ನಿತ್ಯದ ಅಡುಗೆಯನ್ನು ಕಡ್ಡಾಯವಾಗಿ ಕಲಿಸುವ ಬಗ್ಗೆ.

ಮಾನ್ಯರೇ,

ಈ ರಾಜ್ಯದಲ್ಲಿ ಹತ್ತನೇ ತರಗತಿ ಮುಗಿಸಿ ಹೊರಬರುವ ಪ್ರತಿಯೊಬ್ಬರೂ ತನಗೂ ಮನೆಯ ಇನ್ನಿಬ್ಬರಿಗೂ ಒಂದು ಹೊತ್ತಿನ ಊಟ ಮಾಡಿ ಬಡಿಸುವಷ್ಟು ಅಡುಗೆ ಬಲ್ಲವರಾಗಿರಬೇಕು. ಅಕ್ಷರ ಕಲಿಸುವ ಹೊಣೆ ಹೊತ್ತ ಇಲಾಖೆಯೇ ಇದನ್ನೂ ಕಲಿಸಬೇಕು ಎಂಬುದು ನಮ್ಮ ಕೋರಿಕೆ.

ಆರೋಗ್ಯ ಇಲಾಖೆಯನ್ನೋ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನೋ ಬಿಟ್ಟು ತಮ್ಮ ಬಳಿಗೆ ಬಂದಿರುವುದಕ್ಕೆ ಕಾರಣವಿದೆ. ನಾಡಿನ ಅತಿ ದೊಡ್ಡ ಅಡುಗೆಮನೆ ತಮ್ಮದೇ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿದ ಅಕ್ಷರ ದಾಸೋಹ ಇಂದು ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಬಡಿಸುತ್ತಿದೆ. ಆದರೆ ಹತ್ತು ವರ್ಷ ಈ ಊಟ ಉಂಡ ಹುಡುಗನಿಗೆ ತೊಗರಿಬೇಳೆ ಬೇಯಲು ಎಷ್ಟು ಹೊತ್ತು ಬೇಕೆಂದು ಗೊತ್ತಿರುವುದಿಲ್ಲ. ಅವನು ಪಾಠ ಕೇಳುವ ಕೋಣೆಗೂ ಸಾಂಬಾರು ಕುದಿಯುವ ಕೋಣೆಗೂ ನಡುವೆ ಇರುವುದು ಒಂದು ಅಂಗಳ ಮಾತ್ರ.

ಅಡುಗೆಯನ್ನು ಮನೆಯಲ್ಲಿ ಕಲಿಯಲಿ, ಶಾಲೆಗೇಕೆ ಈ ಉಸಾಬರಿ ಎಂಬ ಮಾತು ತಮ್ಮ ಕಚೇರಿಯಲ್ಲೂ ಏಳಬಹುದು. ಮನೆ ಕಲಿಸುತ್ತದೆ ನಿಜ, ಆದರೆ ಕಲಿಸುವುದು ಮಗಳಿಗೆ. ಮಗ ಒಲೆಯ ಹತ್ತಿರ ಬಂದರೆ ಅಜ್ಜಿಯೇ ಎದ್ದು ಹೊರಗೆ ಕಳಿಸುತ್ತಾರೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಕಾಲ ಬಳಕೆ ಸಮೀಕ್ಷೆ ಆರು ವರ್ಷ ದಾಟಿದವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅದರ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ಕೈಜೋಡಿಸುವ ಹೆಂಗಸರು ನೂರಕ್ಕೆ 81.2, ಗಂಡಸರು 26.1. ಹಾಗೆ ಕೈಜೋಡಿಸುವವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟುವ ಪ್ರಶ್ನೆ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಇದೇ ಅಂಕಿಗಳನ್ನು ತಮ್ಮ ತೀರ್ಪಿನಲ್ಲಿ ಉಲ್ಲೇಖಿಸಿದರು. ಮನೆಯೇ ಪಾಠಶಾಲೆ ಎಂದು ಬಿಟ್ಟುಬಿಟ್ಟರೆ ಮುಂದಿನ ಸಮೀಕ್ಷೆಯಲ್ಲೂ ಇಂಥವೇ ಅಂಕಿಗಳು ಬರುತ್ತವೆ.

ಇದು ಹೆಂಗಸರ ಮೇಲಿನ ಹೊರೆಯ ಮಾತಷ್ಟೇ ಅಲ್ಲ. ಅಡುಗೆ ಬಾರದ ಗಂಡಸಿನ ಪಾಡೂ ನಮ್ಮ ಕಣ್ಣ ಮುಂದಿದೆ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿ ಉಳಿದ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆಯಲ್ಲಿ ಗ್ಯಾಸ್ ಇದೆ, ಡಬ್ಬಿ ತುಂಬ ಅಕ್ಕಿ ಬೇಳೆ ಇದೆ. ಬೆಳಿಗ್ಗೆ ಹೋಟೆಲಿನ ಇಡ್ಲಿ, ಮಧ್ಯಾಹ್ನ ಯಾರದೋ ಮನೆಯಿಂದ ಬಂದರೆ ಊಟ, ರಾತ್ರಿ ಬ್ರೆಡ್ಡು ಹಾಲು. ಸಕ್ಕರೆ ಕಾಯಿಲೆಯವರಾದರೆ ಡಾಕ್ಟರು ಬರೆದುಕೊಟ್ಟ ಪಥ್ಯದ ಚೀಟಿ ಗೋಡೆಯ ಕ್ಯಾಲೆಂಡರಿನ ಹಿಂದೆ ಹಾಗೇ ಇರುತ್ತದೆ, ಏಕೆಂದರೆ ಅದರಲ್ಲಿರುವುದನ್ನು ಮಾಡಿಕೊಡುವವರಿಲ್ಲ. ಮೂವತ್ತು ವರ್ಷ ಕಚೇರಿ ನಡೆಸಿದವರು, ಹತ್ತಾರು ಎಕರೆ ಗದ್ದೆ ನೋಡಿಕೊಂಡವರು, ಅರ್ಧ ಪಾವು ಹೆಸರುಬೇಳೆ ಬೇಯಿಸಿಕೊಳ್ಳಲಾರದೆ ಮಗನ ಮನೆ, ಮಗಳ ಮನೆ ಎಂದು ತಿಂಗಳ ಲೆಕ್ಕದಲ್ಲಿ ಸುತ್ತುತ್ತಾರೆ. ಅವರನ್ನು ಸೋಮಾರಿಗಳೆಂದು ಹಳಿಯುವುದು ಸರಿಯಲ್ಲ. ಅವರಿಗೆ ಯಾರೂ ಕಲಿಸಲಿಲ್ಲ.

ಅತ್ತ ಅದೇ ಮನೆಗಳಲ್ಲಿ ತವರಿಗೆ ಎರಡು ದಿನ ಹೋಗಬೇಕಾದ ಹೆಂಗಸು ಮೂರು ದಿನಕ್ಕಾಗುವ ಸಾರು ಮಾಡಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಾಳೆ. ಜ್ವರ ಬಂದ ದಿನವೂ ಅವಳಿಗೆ ಒಲೆ ತಪ್ಪುವುದಿಲ್ಲ.

2020ರ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನಿನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಹೋಟೆಲು, ಮೆಸ್ಸುಗಳೂ ಮುಚ್ಚಿದವು. ರೂಮು ಮಾಡಿಕೊಂಡಿದ್ದ ಹುಡುಗರಲ್ಲಿ ಕೈಯಲ್ಲಿ ದುಡ್ಡಿದ್ದೂ ಬಿಸ್ಕತ್ತು, ಮ್ಯಾಗಿ ತಿಂದು ದಿನ ದೂಡಿದವರಿದ್ದರು. ಇನ್ನು ಸರ್ಕಾರದ ಯೋಜನೆಗಳನ್ನೇ ನೋಡಿ. ಅನ್ನಭಾಗ್ಯದಲ್ಲಿ ಸಿಗುವುದು ಅಕ್ಕಿ, ಅನ್ನವಲ್ಲ. ಅದನ್ನು ಬೇಯಿಸಲು ಮನೆಯಲ್ಲಿ ಒಬ್ಬಳು ಹೆಂಗಸು ಇದ್ದೇ ಇರುತ್ತಾಳೆ ಎಂದು ಯೋಜನೆ ಮಾಡುವವರೂ ಮನಸ್ಸಿನಲ್ಲೇ ಎಣಿಸಿಕೊಂಡಂತಿದೆ.

ಆರೋಗ್ಯದ ಮಾತನ್ನು ಉದ್ದ ಮಾಡುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದೇಶದ ರೋಗಭಾರದಲ್ಲಿ ನೂರಕ್ಕೆ 56.4 ಪಾಲಿಗೆ ಅನಾರೋಗ್ಯಕರ ಆಹಾರವೇ ಕಾರಣ ಎಂದು ಅಂದಾಜಿಸಿದೆ. ಉಪ್ಪು, ಎಣ್ಣೆ, ಸಕ್ಕರೆ ಕಡಿಮೆ ಮಾಡಿ ಎನ್ನುವ ಸಲಹೆಯನ್ನು ಪಾಲಿಸಲು ಸೌಟು ತನ್ನ ಕೈಯಲ್ಲಿರಬೇಕು.

ಗಂಡಸಿಗೆ ಅಡುಗೆ ಹೇಳಿದ ಕೆಲಸವಲ್ಲ ಎಂಬುದು ನಮ್ಮ ಪರಂಪರೆಯಂತೂ ಅಲ್ಲ. ಕನ್ನಡನಾಡಿನ ಹಳೆಯ ಪಾಕಗ್ರಂಥಗಳನ್ನು ಬರೆದವರು ಗಂಡಸರು. ಹನ್ನೊಂದನೇ ಶತಮಾನದ ಎರಡನೇ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಕೃಷಿ, ಜಲಶೋಧನೆಗಳ ಜೊತೆಗೆ ಅಡುಗೆಗೂ ಜಾಗ ಕೊಟ್ಟ. ಮೂರನೇ ಮಂಗರಸ ‘ಸೂಪಶಾಸ್ತ್ರ’ವೆಂಬ ಇಡೀ ಗ್ರಂಥವನ್ನೇ ಬರೆದ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ಬಗೆಗಳನ್ನು ಬಿಡಿಸಿ ಹೇಳಿದ. ಇಂದಿಗೂ ಮದುವೆ ಮನೆಯ ಕೋಡಿಒಲೆಯ ಮುಂದೆ ನಿಲ್ಲುವವರು, ಉಡುಪಿ ಹೋಟೆಲುಗಳ ಒಳಮನೆಯಲ್ಲಿ ದುಡಿಯುವವರು ಬಹುಪಾಲು ಗಂಡಸರೇ. ಕೂಲಿ ಅಥವಾ ಕೀರ್ತಿ ಬರುವ ಕಡೆ ಅಡುಗೆ ಗಂಡಸಿನದು, ಎರಡೂ ಬಾರದ ಕಡೆ ಹೆಂಗಸಿನದು ಎಂದಾಗಿದೆ. ಭಾನುವಾರ ಬಿರಿಯಾನಿ ಮಾಡಿ, ಹೊಗಳಿಸಿಕೊಂಡು, ಪಾತ್ರೆಗಳನ್ನು ಸಿಂಕಿಗೆ ಹಾಕಿ ಎದ್ದು ಹೋಗುವುದನ್ನು ಈ ಮನವಿಯ ಮಟ್ಟಿಗೆ ನಾವು ಅಡುಗೆಯೆಂದು ಎಣಿಸಿಲ್ಲ.

ಪಠ್ಯಕ್ರಮದ ವಿಚಾರದಲ್ಲೂ ನಾವು ಹೊಸತೇನನ್ನೂ ಕೇಳುತ್ತಿಲ್ಲ. ಹುಡುಗರಿಗೊಂದು ಹುಡುಗಿಯರಿಗೊಂದು ಪಠ್ಯ ಬೇಡವೆಂದು ಹಂಸಾ ಮೆಹ್ತಾ ಸಮಿತಿ 1960ರ ದಶಕದ ಮೊದಲಲ್ಲೇ ಹೇಳಿತ್ತು. ಆದರೂ ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ತೋಟಗಾರಿಕೆ ಎಂದು ಹಂಚಿದ ಶಾಲೆಗಳಲ್ಲಿ ನಮ್ಮಲ್ಲಿ ಅನೇಕರು ಓದಿದ್ದೇವೆ, ಕೆಲವರು ಪಾಠವನ್ನೂ ಮಾಡಿದ್ದೇವೆ. ಪಿಯುಸಿಯ ಗೃಹವಿಜ್ಞಾನ ಇಂದಿಗೂ ಹುಡುಗಿಯರ ವಿಷಯವೆಂದೇ ಹೆಸರಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನದ ಬ್ಯಾಗ್ ರಹಿತ ಅವಧಿ ಸೂಚಿಸುವಾಗ ಮರಗೆಲಸ, ವಿದ್ಯುತ್ ಕೆಲಸ, ಲೋಹದ ಕೆಲಸ, ತೋಟಗಾರಿಕೆ, ಕುಂಬಾರಿಕೆಗಳನ್ನು ಹೆಸರಿಸಿತು. ಅಡುಗೆಯ ಹೆಸರು ಆ ಸಾಲಿನಲ್ಲಿಲ್ಲ. ಆ ನೀತಿಯ ಬಗ್ಗೆ ನಮ್ಮ ರಾಜ್ಯದ ನಿಲುವು ಬೇರೆ ಇರಬಹುದು, ಈ ಮರೆವನ್ನಾದರೂ ನಾವು ಮುಂದುವರಿಸಬೇಕಾಗಿಲ್ಲ. ಜಪಾನ್ 1993ರಲ್ಲಿ ಮಾಧ್ಯಮಿಕ ಶಾಲೆಗಳಲ್ಲಿ, 1994ರಲ್ಲಿ ಪ್ರೌಢಶಾಲೆಗಳಲ್ಲಿ ಗೃಹವಿಜ್ಞಾನವನ್ನು ಹುಡುಗರಿಗೂ ಕಡ್ಡಾಯ ಮಾಡಿತು. ಇಂಗ್ಲೆಂಡಿನ ಪಠ್ಯಕ್ರಮ 2014ರ ಸೆಪ್ಟೆಂಬರಿನಿಂದ 14 ವರ್ಷದವರೆಗಿನ ಮಕ್ಕಳಿಗೆ ಅಡುಗೆ ಕಲಿಸುತ್ತಿದೆ.

ನಮ್ಮ ಬೇಡಿಕೆಗಳು ಇವು.

1. ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ಹದಿನೈದು ದಿನಕ್ಕೊಮ್ಮೆ ಜೋಡಿ ಪಿರಿಯಡ್ಡನ್ನು ಅಡುಗೆಗೆ ಮೀಸಲಿಡಬೇಕು. ಸಹಪಠ್ಯ ವಿಷಯಗಳ ಹಾಗೆ ಗ್ರೇಡ್ ಕೊಟ್ಟರೆ ಸಾಕು, ಲಿಖಿತ ಪರೀಕ್ಷೆ ಖಂಡಿತ ಬೇಡ. ‘ಒಗ್ಗರಣೆ ಎಂದರೇನು? ಅದರ ಉಪಯೋಗಗಳನ್ನು ಬರೆಯಿರಿ’ ಎಂದು ಎರಡು ಅಂಕದ ಪ್ರಶ್ನೆ ಬಂದ ದಿನ ಮಕ್ಕಳು ಒಲೆ ಬಿಟ್ಟು ಗೈಡು ಹಿಡಿಯುತ್ತಾರೆ.

2. ಕಲಿಸಬೇಕಾದದ್ದು ಕೇಕು, ಪಲಾವು, ಸ್ಪರ್ಧೆಯ ತಿನಿಸುಗಳನ್ನಲ್ಲ, ದಿನಾ ಉಣ್ಣುವುದನ್ನು. ಎಸರಿಟ್ಟು ಅನ್ನ ಮಾಡುವುದು, ಕುಕ್ಕರಿನಲ್ಲಿ ಬೇಳೆ ಬೇಯಿಸುವುದು, ಒಗ್ಗರಣೆ ಸೀಯದಂತೆ ಹಾಕುವುದು, ಒಂದು ಸಾರು, ಒಂದು ಪಲ್ಯ, ಕಾಳು ನೆನೆಸಿ ಮೊಳಕೆ ಕಟ್ಟುವುದು, ಉಪ್ಪಿಟ್ಟು ಇಲ್ಲವೇ ಅವಲಕ್ಕಿ, ಕಾಯಿಲೆಯವರಿಗೆ ಗಂಜಿ. ತಿನ್ನುವ ಮನೆಯವರಿಗೆ ಮೊಟ್ಟೆ. ಪಟ್ಟಿ ಇಡೀ ರಾಜ್ಯಕ್ಕೆ ಒಂದೇ ಆಗಬಾರದು. ನಮ್ಮ ಕಡೆ ಗಂಟಿಲ್ಲದ ಹಾಗೆ ಮುದ್ದೆ ತೊಳಸುವುದು ಬರಬೇಕು, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ, ಕೊಡಗಿನಲ್ಲಿ ಅಕ್ಕಿರೊಟ್ಟಿ. ಉತ್ತರ ಕರ್ನಾಟಕಕ್ಕೆ ಜೋಳದ ರೊಟ್ಟಿ ಎಂದು ಬರೆಯಲು ಹೊರಟಾಗ ಆ ಕಡೆಯಿಂದ ಬಂದ ನಮ್ಮೊಳಗಿನ ಶಿಕ್ಷಕಿಯೊಬ್ಬರು ತಡೆದರು. ರೊಟ್ಟಿ ಬಡಿಯುವುದು ವರ್ಷಗಟ್ಟಲೆ ಕೈ ಪಳಗಬೇಕಾದ ವಿದ್ಯೆ, ಮೊದಲು ಜೋಳದ ನುಚ್ಚು ಮಾಡಲಿ ಎಂಬ ಅವರ ಮಾತನ್ನು ಒಪ್ಪಿದ್ದೇವೆ.

ಒಲೆಯ ಆಚೀಚಿನ ಕೆಲಸವೂ ಪಾಠದಲ್ಲಿರಬೇಕು: ಸಂತೆಯಲ್ಲಿ ಬದನೆಕಾಯಿ ಆರಿಸುವುದು, ತಿಂಗಳಿಗೆ ಎಷ್ಟು ಬೇಳೆ ಬೇಕೆಂದು ಲೆಕ್ಕ ಹಾಕುವುದು, ಮಿಕ್ಕ ಅನ್ನವನ್ನು ಹೊತ್ತುಗಟ್ಟಲೆ ಹೊರಗೆ ಬಿಡದಿರುವುದು, ಕೊನೆಗೆ ಮುಸುರೆ ತಿಕ್ಕಿ ಕಟ್ಟೆ ಒರೆಸುವುದು. ಗ್ಯಾಸ್ ಸೋರಿದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕೆಂಬುದು ಮೊದಲ ದಿನದ ಪಾಠವಾಗಲಿ.

3. ಬಿಸಿಯೂಟ ತಯಾರಾಗುವ ಹೊತ್ತಿನಲ್ಲಿ ಆ ಅಡುಗೆಕೋಣೆಗೆ ಮಕ್ಕಳನ್ನು ಬಿಡಲೇಕೂಡದು. 2023ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಶಾಲೆಯಲ್ಲಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು ಎರಡನೇ ತರಗತಿಯ ಬಾಲಕಿ ತೀರಿಕೊಂಡದ್ದನ್ನು ಮರೆತು ಈ ಬೇಡಿಕೆ ಇಡುತ್ತಿಲ್ಲ. ನಾವು ಕೇಳುವುದು ನೂರಾರು ಮಕ್ಕಳ ಹಂಡೆಯನ್ನಲ್ಲ, ನಾಲ್ಕೈದು ಜನರ ಪಾತ್ರೆಯನ್ನು. ಪ್ರತಿ ಶಾಲೆಗೂ ಕೆಲವು ಇಂಡಕ್ಷನ್ ಒಲೆ, ಸಣ್ಣ ಕುಕ್ಕರ್, ಬೆಂಕಿ ನಂದಿಸುವ ಸಾಧನ, ಸುಟ್ಟ ಗಾಯದ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕೊಡಬೇಕು. ನಗರಗಳಲ್ಲಿ ಸಂಸ್ಥೆಗಳ ಕೇಂದ್ರೀಕೃತ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ಬರುವ ಶಾಲೆಗಳಿಗೆ ಅಡುಗೆಕೋಣೆಯೇ ಇರುವುದಿಲ್ಲ. ಅಂಥ ಕಡೆ ಒಂದು ಕೋಣೆಯನ್ನು ಸಜ್ಜುಗೊಳಿಸಬೇಕು.

4. ಕಲಿಸಲು ಬಿಸಿಯೂಟದ ಅಡುಗೆಯವರನ್ನೇ ನೇಮಿಸಬೇಕು. ಅವರಿಗಿಂತ ಬಲ್ಲವರು ಶಾಲೆಯಲ್ಲಿ ಇನ್ಯಾರಿದ್ದಾರೆ? ಆದರೆ ಈಗಿನ ಗೌರವಧನದಲ್ಲೇ ಇದನ್ನೂ ಮಾಡಿ ಎನ್ನುವುದಾದರೆ ಈ ಯೋಜನೆಯೇ ಬೇಡ. ಕಲಿಸಿದ ಪ್ರತಿ ಗಂಟೆಗೂ ಪ್ರತ್ಯೇಕ ಸಂಭಾವನೆ ಇರಲಿ, ವೇಳಾಪಟ್ಟಿಯಲ್ಲಿ ಅವರ ಹೆಸರು ಶಿಕ್ಷಕರ ಹೆಸರಿನ ಪಕ್ಕದಲ್ಲಿ ಬರಲಿ. ಅಡುಗೆಯವರ ಜಾತಿ ನೋಡಿ ಮಕ್ಕಳಿಗೆ ಊಟ ಬಿಡಿಸಿದ ಪೋಷಕರ ಸುದ್ದಿಗಳನ್ನು ಈ ನಾಡು ಓದಿದೆ. ಅದೇ ಅಡುಗೆಯ ತಾಯಂದಿರನ್ನು ಮಕ್ಕಳು ‘ಮಿಸ್’ ಎಂದು ಕರೆಯುವಂತಾಗಬೇಕು. ಅವರ ಕೈಕೆಳಗೆ ಎಲ್ಲ ಜಾತಿಯ ಮಕ್ಕಳೂ ಒಂದೇ ಪಾತ್ರೆಯಲ್ಲಿ ಮಾಡಿ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕು. ಇದಕ್ಕೆ ಅಡ್ಡಿ ಮಾಡುವವರ ವಿಷಯದಲ್ಲಿ ಇಲಾಖೆ ಮೆತ್ತಗಾಗಬಾರದು.

5. ತಂಡಗಳು ಮಿಶ್ರವಾಗಿರಬೇಕು, ಕೆಲಸ ಸರದಿಯಂತೆ ತಿರುಗಬೇಕು. ಹುಡುಗರು ರುಚಿ ನೋಡುವುದು, ಹುಡುಗಿಯರು ಪಾತ್ರೆ ತೊಳೆಯುವುದು ಆಗಕೂಡದು.

6. ಕಲಿಕೆಯ ನೆಪದಲ್ಲಿ ಮಕ್ಕಳಿಂದ ಬಿಸಿಯೂಟದ ಕೆಲಸ ಮಾಡಿಸುವುದನ್ನು ಸುತ್ತೋಲೆಯಲ್ಲೇ ಸ್ಪಷ್ಟವಾಗಿ ನಿಷೇಧಿಸಬೇಕು. ಶಾಲೆಗಳಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ಪ್ರಕರಣಗಳಾದ ಮೇಲೆ ಪೋಷಕರಲ್ಲಿ ಉಳಿದಿರುವ ಅಂಜಿಕೆ ನಿರಾಧಾರವೇನಲ್ಲ.

7. ಅಂಗವಿಕಲ ಮಕ್ಕಳನ್ನು ವಿನಾಯಿತಿಯ ಹೆಸರಿನಲ್ಲಿ ಹೊರಗಿಡಬಾರದು. ಕಣ್ಣು ಕಾಣದವರು ಸದ್ದು, ವಾಸನೆ, ಸ್ಪರ್ಶದ ಮೇಲೆ ಅಡುಗೆ ಮಾಡುತ್ತಾರೆ. ಅವರಿಗೆ ಕಲಿಸುವ ಬಗೆಯನ್ನು ವಿಶೇಷ ಶಿಕ್ಷಕರ ಜೊತೆ ಕೂತು ರೂಪಿಸಬೇಕು.

8. ಒಮ್ಮೆಲೇ ಇಡೀ ರಾಜ್ಯಕ್ಕೆ ಆದೇಶ ಹೊರಡಿಸುವುದು ಬೇಡ. ಸಮಾಜ ಕಲ್ಯಾಣ ಇಲಾಖೆಯೊಡನೆ ಮಾತನಾಡಿ ಮೊದಲ ವರ್ಷ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲೂ ಒಂದು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲೂ ನಡೆಸಿ ನೋಡಬೇಕು. ಆರನೇ ತರಗತಿಗೆ ಮನೆ ಬಿಟ್ಟು ವಸತಿ ಶಾಲೆ ಸೇರುವ ಮಗು ಹತ್ತು ಮುಗಿಸುವವರೆಗೆ ರಜೆಯಲ್ಲಿ ಬಿಟ್ಟರೆ ಮನೆಯ ಒಲೆಯ ಹತ್ತಿರ ಸುಳಿಯುವುದೇ ಇಲ್ಲ. ಈಗಾಗಲೇ ಇರುವ ಸಂಭ್ರಮ ಶನಿವಾರದ ಬ್ಯಾಗ್ ರಹಿತ ದಿನವನ್ನೂ ಶಾಲಾ ಕೈತೋಟವನ್ನೂ ಇದಕ್ಕೆ ಹೊಂದಿಸಿಕೊಳ್ಳಬಹುದು.

ಒಂದು ಸ್ಪಷ್ಟನೆ ಅಗತ್ಯ. ಬಲ್ಲವರೆಲ್ಲ ದಿನಾ ಮಾಡಲೇಬೇಕೆಂದು ನಾವು ಹೇಳುತ್ತಿಲ್ಲ. ದುಡಿದು ದಣಿದವರು ಹೋಟೆಲಿನಲ್ಲಿ ಉಣ್ಣಲಿ, ಇಂದಿರಾ ಕ್ಯಾಂಟೀನಿಗೆ ಹೋಗಲಿ, ಅಡುಗೆಗೆ ಜನ ಇಟ್ಟುಕೊಳ್ಳಲಿ. ಅದು ಅವರವರ ಅನುಕೂಲ. ಆದರೆ ಬರುತ್ತದೆ, ಇವತ್ತು ಬೇಡ ಎನ್ನುವವನಿಗೆ ಆಯ್ಕೆ ಇದೆ. ಬರುವುದೇ ಇಲ್ಲ ಎನ್ನುವವನಿಗೆ ಇರುವುದು ಇನ್ನೊಬ್ಬರ ದಾರಿ ಕಾಯುವುದೊಂದೇ. ಮನೆಯಲ್ಲಿ ಆ ಇನ್ನೊಬ್ಬರು ಯಾರೆಂಬುದನ್ನು ಮೇಲಿನ ಅಂಕಿಗಳು ಹೇಳಿವೆ.

ಮುಂದಿನ ಶೈಕ್ಷಣಿಕ ವರ್ಷದ ವಾರ್ಷಿಕ ಕ್ರಿಯಾಯೋಜನೆ ಸಿದ್ಧವಾಗುವ ಮುನ್ನ ತಾವು, ಡಿಎಸ್‌ಇಆರ್‌ಟಿ ನಿರ್ದೇಶಕರು ಮತ್ತು ಅಕ್ಷರ ದಾಸೋಹದ ಅಧಿಕಾರಿಗಳು ನಮ್ಮ ನಿಯೋಗಕ್ಕೆ ಒಂದು ಗಂಟೆ ಸಮಯ ಕೊಡಬೇಕೆಂದು ಕೋರುತ್ತೇವೆ. ನಿಯೋಗದಲ್ಲಿ ಬಿಸಿಯೂಟದ ಅಡುಗೆಯವರಿಬ್ಬರು ಇರುತ್ತಾರೆ. ಅವರು ಬರುವ ದಿನ ಶಾಲೆಯ ಊಟಕ್ಕೆ ತೊಂದರೆಯಾಗದಂತೆ ಬದಲಿ ವ್ಯವಸ್ಥೆ ಮಾಡಲು ಸಭೆಯ ದಿನಾಂಕವನ್ನು ಒಂದು ವಾರ ಮೊದಲೇ ತಿಳಿಸಬೇಕಾಗಿ ವಿನಂತಿ.



ಇಂತಿ ತಮ್ಮ ವಿಶ್ವಾಸಿಗಳು,
ಪೋಷಕರು, ಎಸ್‌ಡಿಎಂಸಿ ಸದಸ್ಯರು ಮತ್ತು ನಿವೃತ್ತ ಶಿಕ್ಷಕರು
(ಸಹಿಗಳ ಹಾಳೆ ಲಗತ್ತಿಸಿದೆ)
ಸ್ಥಳ: ಮೈಸೂರು

ಪ್ರತಿಗಳು:
ಮಾನ್ಯ ನಿರ್ದೇಶಕರು, ಡಿಎಸ್‌ಇಆರ್‌ಟಿ, ಬೆಂಗಳೂರು.
ಮಾನ್ಯ ಪ್ರಧಾನ ಕಾರ್ಯದರ್ಶಿಗಳು, ಸಮಾಜ ಕಲ್ಯಾಣ ಇಲಾಖೆ, ಬೆಂಗಳೂರು.
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಮೈಸೂರು ಮತ್ತು ಮಂಡ್ಯ.