ಪಥ್ಯಕ್ಕೆ ರಜೆಯುಂಟೆ?



ಹೋದ ವರ್ಷದ ನಾಗರ ಪಂಚಮಿ ಕಳೆದು ಮೂರು ದಿನಗಳಾಗಿದ್ದವು. ಮಧ್ಯಾಹ್ನದ ಊಟ ಮುಗಿಸಿ ಮನೆಮಂದಿಯೆಲ್ಲ ಒರಗಿದ್ದ ಹೊತ್ತು. ನಾವು ಸಪ್ಪಳವಾಗದಂತೆ ಎದ್ದು ಅಡುಗೆಮನೆಗೆ ಹೋಗಿ, ಮೇಲಿನ ಹಲಗೆಯಿಂದ ಉಂಡಿಯ ಡಬ್ಬಿಯನ್ನು ಇಳಿಸಿಕೊಂಡೆವು. ಒಂದು ಶೇಂಗಾ ಉಂಡಿ, ಒಂದು ಎಳ್ಳುಂಡಿ ಮುಗಿದು ಮೂರನೆಯದು ಕೈಯಲ್ಲಿದ್ದಾಗ ತಿರುಗಿ ನೋಡಿದರೆ, ಏಳು ವರ್ಷದ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಜ್ಜಾ, ಕದ್ದು ಯಾಕ ತಿನ್ನಾಕತ್ತಿ? ಕೇಳಿದ್ರ ಆಯಿ ಕೊಡತಾಳಲ್ಲ?" ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. "ಯಾರಿಗೂ ಹೇಳಬ್ಯಾಡವ್ವ" ಎಂದು ಅವಳ ಕೈಗೂ ಒಂದು ಉಂಡಿ ಕೊಟ್ಟು ಕಳಿಸಿದೆವು. ಅರವತ್ತು ದಾಟಿದ ವಯಸ್ಸಿನಲ್ಲಿ ಒಂದು ಮಗುವಿಗೆ ಲಂಚ ಕೊಟ್ಟಂತಾಯಿತು.

ಇದರ ಹಿನ್ನೆಲೆಯನ್ನು ಹೇಳಬೇಕು. ಆ ವರ್ಷದ ಜನವರಿಯಲ್ಲಿ ವೈದ್ಯರು ನಮ್ಮನ್ನು ತಪಾಸಣೆ ಮಾಡಿದಾಗ ತೂಕ 84 ಕಿಲೋ, ಸೊಂಟದ ಸುತ್ತಳತೆ 102 ಸೆಂಟಿಮೀಟರ್ ಇದ್ದಿತು. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಅಪಾಯದ ಗುರುತೆಂದು ವೈದ್ಯರು ಎಣಿಸುತ್ತಾರೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂದಿತ್ತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾವು ಹೊಸ್ತಿಲ ಮೇಲೆ ನಿಂತಿದ್ದೆವು. ಆ ಹೊಸ್ತಿಲಿನ ಆಚೆ ಏನಿದೆಯೆಂಬುದನ್ನು ನಾವು ಕಣ್ಣಾರೆ ಕಂಡವರು. ನಮ್ಮ ಹಿರಿಯಣ್ಣನವರು ಇದೇ ಕಾಯಿಲೆಯಿಂದ ಬಲಗಾಲಿನ ಎರಡು ಬೆರಳುಗಳನ್ನು ಕಳೆದುಕೊಂಡರು. ಯಾವ ಮದುವೆಗೆ ಹೋದರೂ "ಒಂದು ದಿನಕ್ಕೆ ಏನಾಗತದ, ಬಡಸ್ರಿ" ಎನ್ನುವುದು ಅವರ ವಾಡಿಕೆಯ ಮಾತಾಗಿತ್ತು. ಬಳಗ ದೊಡ್ಡದು, ಅಂಥ ಒಂದು ದಿನ ವರ್ಷದಲ್ಲಿ ನೂರು ಸಲ ಬರುತ್ತಿತ್ತು.

ಇದು ಒಂದು ಮನೆಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರು ಸಕ್ಕರೆ ಕಾಯಿಲೆಯವರು. ಆದ್ದರಿಂದ ಪಥ್ಯವೆಂಬುದು ಇಂದು ಮನೆಮನೆಯ ಮಾತಾಗಿದೆ. ಅದರ ಬೆನ್ನಿಗೇ ಪಥ್ಯದಿಂದ ರಜೆಯ ಮಾತೂ ಬಂದಿದೆ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಮಗ ಒಂದು ಉಪಾಯ ಹೇಳಿದ್ದ. ವಾರದಲ್ಲಿ ಆರು ದಿನ ಕಟ್ಟುನಿಟ್ಟು, ಭಾನುವಾರ ಮನ ಬಂದಂತೆ ಊಟ. ಈಗಿನ ಯುವಕರು ಇದನ್ನು 'ಚೀಟ್ ಡೇ' ಎನ್ನುತ್ತಾರೆ. ಒಂದೇ ಊಟಕ್ಕೆ ರಜೆ ಕೊಟ್ಟರೆ ಅದು 'ಚೀಟ್ ಮೀಲ್'. ಕನ್ನಡದಲ್ಲಿ ಹೇಳುವುದಾದರೆ ಮೋಸದ ದಿನ, ಮೋಸದ ಊಟ. ಆರು ದಿನದ ಹಸಿವಿಗೆ ಏಳನೆಯ ದಿನದ ಆಸೆ ತೋರಿಸಿದ ಈ ಉಪಾಯ ನಮಗೆ ಬಹಳ ಹಿಡಿಸಿತು. ಮೊದಲ ಎರಡು ತಿಂಗಳಲ್ಲಿ ಮೂರು ಕಿಲೋ ಇಳಿದವು. ಬಳಿಕ ಭಾನುವಾರ ಬೆಳೆಯತೊಡಗಿತು. ಬೆಳಿಗ್ಗೆ ಗಿರ್ಮಿಟ್ ಮತ್ತು ಮಿರ್ಚಿ, ಮಧ್ಯಾಹ್ನ ತುಪ್ಪ ಸುರಿದ ಹೋಳಿಗೆ, ಸಂಜೆ ಪೇಢೆ. ಮುಂದೆ ಶನಿವಾರ ರಾತ್ರಿಯೂ ಭಾನುವಾರಕ್ಕೆ ಸೇರಿಕೊಂಡಿತು. ಪಂಚಮಿಯ ಹೊತ್ತಿಗೆ ತೂಕ ಮರಳಿ 83ಕ್ಕೆ ಬಂದಿತ್ತು, ನಾವು ಡಬ್ಬಿಗೆ ಕೈಹಾಕುವ ಸ್ಥಿತಿಗೆ ಬಂದಿದ್ದೆವು.

ಹೀಗೇಕಾಯಿತು? ಮೊದಲು ಲೆಕ್ಕವನ್ನು ನೋಡೋಣ. ದೇಹಕ್ಕೆ ಬೇಕಾದುದಕ್ಕಿಂತ ದಿನಕ್ಕೆ 500 ಕ್ಯಾಲೊರಿ ಕಡಿಮೆ ಉಂಡರೆ ಆರು ದಿನಕ್ಕೆ 3,000 ಕ್ಯಾಲೊರಿ ಉಳಿತಾಯ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆಯಾಗಬೇಕು. ಈಗ ಖರ್ಚಿನ ಕಡೆ ಬರೋಣ. ಒಂದು ಹೋಳಿಗೆಗೆ 25 ಗ್ರಾಂ ಕಡಲೆಬೇಳೆ, 25 ಗ್ರಾಂ ಬೆಲ್ಲ, 20 ಗ್ರಾಂ ಹಿಟ್ಟು, ಮೇಲೆ 10 ಗ್ರಾಂ ತುಪ್ಪ ಎಂದು ಹಿಡಿದರೂ ಸುಮಾರು 350 ಕ್ಯಾಲೊರಿಯಾಗುತ್ತದೆ. ಮೂರು ಹೋಳಿಗೆ ಸಾವಿರ ದಾಟಿತು. ಅರ್ಧ ಶೇಂಗಾ, ಅರ್ಧ ಬೆಲ್ಲ ಇರುವ 40 ಗ್ರಾಂ ತೂಕದ ಒಂದು ಉಂಡಿ ಸುಮಾರು 190 ಕ್ಯಾಲೊರಿ. ಇತ್ತ, 70 ಕಿಲೋ ತೂಕದವರು ಒಂದು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲೊರಿ ಮಾತ್ರ. ಒಂದು ಊಟದಲ್ಲಿ 700 ಕ್ಯಾಲೊರಿ ಹೆಚ್ಚಾದರೆ ವಾರದ ಉಳಿತಾಯದಲ್ಲಿ ಬಹುಪಾಲು ಉಳಿದೇ ಇರುತ್ತದೆ. ಇಡೀ ದಿನ ಬಾಯಿ ಬಿಡುವಿಲ್ಲದೆ ಆಡಿದರೆ 2,500 ಹೆಚ್ಚಾಗುವುದು ಕಷ್ಟವೇನಲ್ಲ. ಆಗ ಆರು ದಿನದ ತಪಸ್ಸಿನಲ್ಲಿ ಬಹುಪಾಲು ಒಂದು ದಿನದಲ್ಲಿ ಕರಗಿತು. ಊಟಕ್ಕೂ ದಿನಕ್ಕೂ ಇರುವ ಅಂತರ ಇದು.

ವಾರಕ್ಕೊಮ್ಮೆ ಹೊಟ್ಟೆ ಬಿರಿಯೆ ಉಂಡರೆ ದೇಹದ ಜಠರಾಗ್ನಿ ಮತ್ತೆ ಚುರುಕಾಗುತ್ತದೆ ಎಂಬ ಮಾತೂ ಪ್ರಚಾರದಲ್ಲಿದೆ. ಹೆಚ್ಚು ಉಂಡಾಗ ದೇಹದ ಖರ್ಚು ಸ್ವಲ್ಪ ಕಾಲ, ಸ್ವಲ್ಪ ಮಟ್ಟಿಗೆ ಏರುವುದು ನಿಜ. ಆದರೆ ಏರುವ ಖರ್ಚು ಉಂಡ ಹೋಳಿಗೆಯನ್ನು ಸರಿದೂಗಿಸುವಷ್ಟಲ್ಲ. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕೆ ವಿರುದ್ಧವಾದುದು. ಹಬ್ಬದ ಮರುದಿನ ತಕ್ಕಡಿಯ ಮೇಲೆ ನಿಂತು, ಒಂದೂವರೆ ಕಿಲೋ ಏರಿತೆಂದು ಎದೆಗುಂದುವವರಿದ್ದಾರೆ. ಅದರಲ್ಲಿ ಬಹುಪಾಲು ಉಪ್ಪು ಮತ್ತು ಪಿಷ್ಟ ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿರುವ ಅನ್ನ. ನಾಲ್ಕು ದಿನ ಎಂದಿನಂತೆ ಉಂಡರೆ ಅದು ತಾನೇ ಇಳಿಯುತ್ತದೆ. ತಕ್ಕಡಿಯ ಆ ಅಂಕಿಗೆ ಹೆದರಿ ಪಥ್ಯವನ್ನೇ ಬಿಟ್ಟುಬಿಡುವುದು ನಿಜವಾದ ಹಾನಿ.

ಲೆಕ್ಕಕ್ಕಿಂತ ಮುಖ್ಯವಾದುದು ಮನಸ್ಸು. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನೋವಿಜ್ಞಾನಿಗಳು ಅಮೆರಿಕದಲ್ಲಿ ವಿದ್ಯಾರ್ಥಿನಿಯರ ಮೇಲೆ ಒಂದು ಪ್ರಯೋಗ ನಡೆಸಿದರು. ಕೆಲವರಿಗೆ ಮೊದಲು ಗಟ್ಟಿಯಾದ ಸಿಹಿಹಾಲು ಕುಡಿಸಿ, ಬಳಿಕ ಎಲ್ಲರ ಮುಂದೆಯೂ ಐಸ್‌ಕ್ರೀಮ್ ಇಟ್ಟು ಬೇಕಾದಷ್ಟು ತಿನ್ನಲು ಬಿಟ್ಟರು. ಪಥ್ಯದ ಗೊಡವೆಯಿಲ್ಲದವರು ಹಾಲು ಕುಡಿದಿದ್ದರಿಂದ ಐಸ್‌ಕ್ರೀಮನ್ನು ಕಡಿಮೆ ತಿಂದರು. ಸದಾ ಪಥ್ಯದ ಚಿಂತೆಯಲ್ಲಿದ್ದವರು ಮಾತ್ರ ಹಾಲು ಕುಡಿದ ಮೇಲೆ ಇನ್ನೂ ಹೆಚ್ಚು ತಿಂದರು! ಹೇಗೂ ವ್ರತ ಕೆಟ್ಟಿತು, ಇನ್ನು ಕೆಡುವುದೇನಿದೆ ಎಂಬ ಭಾವನೆ ಅದು. ನಮ್ಮ ಮೊದಲ ಉಂಡಿಗೂ ಮೂರನೆಯ ಉಂಡಿಗೂ ನಡುವೆ ನಡೆದದ್ದು ಇದೇ ಅಲ್ಲವೆ? ಕೆಡಿಸಿದ್ದು ಮೊದಲನೆಯ ಉಂಡಿಯಲ್ಲ. ಅದನ್ನು ಅಪರಾಧವೆಂದು ಬಗೆದ ನಮ್ಮ ಮನಸ್ಸು.

ಹಾಗಾದರೆ ಪಥ್ಯಕ್ಕೆ ವಿರಾಮವೇ ಕೂಡದೆ? ಆಸ್ಟ್ರೇಲಿಯಾದಲ್ಲಿ ಸ್ಥೂಲಕಾಯದ 51 ಗಂಡಸರನ್ನು ಆಯ್ದು ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು 16 ವಾರ ಎಡೆಬಿಡದೆ ಪಥ್ಯ ಮಾಡಿದರು. ಇನ್ನೊಂದು ಗುಂಪಿನವರು ಅದೇ 16 ವಾರದ ಪಥ್ಯವನ್ನು ಎರಡೆರಡು ವಾರವಾಗಿ ಒಡೆದು, ನಡುನಡುವೆ ಎರಡು ವಾರ ವಿರಾಮ ಪಡೆದರು. ವಿರಾಮ ಪಡೆದವರೇ ಸರಾಸರಿ 5 ಕಿಲೋ ಹೆಚ್ಚು ಇಳಿದರು. ಮುಂದಿನ ಎಲ್ಲ ಅಧ್ಯಯನಗಳಲ್ಲಿಯೂ ಇಂಥದೇ ಫಲ ಕಂಡುಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಇಲ್ಲಿ ಗಮನಿಸತಕ್ಕದ್ದೊಂದಿದೆ. ಆ ವಿರಾಮದಲ್ಲಿ ಅವರು ಮನ ಬಂದಂತೆ ಉಣ್ಣಲಿಲ್ಲ; ತೂಕ ಏರದೆ ಇಳಿಯದೆ ನಿಲ್ಲುವಷ್ಟನ್ನು ಅಳೆದು ಉಂಡರು. ಅದು ಮೋಸದ ದಿನವಲ್ಲ, ಮೊದಲೇ ಗೊತ್ತುಮಾಡಿಕೊಂಡ ವಿಶ್ರಾಂತಿ. ಬಿತ್ತುವ ರೈತ ಎತ್ತಿನ ನೊಗ ಬಿಚ್ಚಿ ನೆರಳಿಗೆ ಕಟ್ಟುತ್ತಾನೆ, ಪೈರಿನೊಳಕ್ಕೆ ಬಿಡುವುದಿಲ್ಲ.

ಮೊಮ್ಮಗಳ ಪ್ರಶ್ನೆ ನಮ್ಮನ್ನು ಕಾಡಿದ್ದು ಈ ಕಾರಣಕ್ಕೇ. ಅವಳು "ಯಾಕ ತಿನ್ನಾಕತ್ತಿ?" ಎಂದು ಕೇಳಲಿಲ್ಲ, "ಕದ್ದು ಯಾಕ ತಿನ್ನಾಕತ್ತಿ?" ಎಂದು ಕೇಳಿದಳು. ಒಂದು ವಾರದ ಮೇಲೆ ಆ ಮಗು ತಲೆದಿಂಬಿನ ಕೆಳಗೆ ಚಾಕಲೇಟು ಬಚ್ಚಿಟ್ಟುಕೊಂಡದ್ದು ಸೊಸೆಯ ಕಣ್ಣಿಗೆ ಬಿದ್ದಿತು. "ಅಜ್ಜಾನೂ ಹಂಗ ಮಾಡತಾನ" ಎಂದಳಂತೆ. ಸೊಸೆ ನಮಗೇನೂ ಅನ್ನಲಿಲ್ಲ. ತಲೆ ತಗ್ಗಿಸಿ ಚಹಾದ ಬಟ್ಟಲನ್ನು ಮುಂದಿಟ್ಟು ಹೋದಳು. ಆ ಚಹಾ ನಮ್ಮ ಗಂಟಲಿಗಿಳಿಯಲಿಲ್ಲ. ಆ ದಿನ ರಾತ್ರಿ ಎಲ್ಲರನ್ನೂ ಕೂಡಿಸಿಕೊಂಡು ನಡೆದದ್ದನ್ನು ಹೇಳಿದೆವು. ಮನೆಯಾಕೆ ನಕ್ಕು, "ಡಬ್ಬಿ ಹಗುರಾದದ್ದು ನನಗ ಗೊತ್ತಿಲ್ಲೇನ್ರಿ? ನೀವಾಗಿ ಹೇಳ್ಲಿ ಅಂತ ಸುಮ್ಮನಿದ್ದೆ" ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ನಡೆದುಬಂದಿದೆ. 'ಚೀಟ್' ಎಂಬ ಶಬ್ದವನ್ನು ಬಿಟ್ಟೆವು. ವಾರಕ್ಕೆ ಒಂದು ಊಟ ಹಬ್ಬದೂಟ, ದಿನವಲ್ಲ, ಊಟ. ಯಾವ ಊಟವೆಂಬುದನ್ನು ವಾರದ ಮೊದಲೇ ನಿಶ್ಚಯಿಸುತ್ತೇವೆ. ಮದುವೆ, ಜಾತ್ರೆಗಳಿದ್ದರೆ ಆ ವಾರದ ಪಾಳಿ ಅದಕ್ಕೆ. ಅದನ್ನು ಎಲ್ಲರೊಡನೆ ಕುಳಿತು, ತಟ್ಟೆಯಲ್ಲಿ ಬಡಿಸಿಕೊಂಡು ಉಣ್ಣುತ್ತೇವೆ. ಡಬ್ಬಿಯಿಂದ ನೇರವಾಗಿ ಬಾಯಿಗಿಲ್ಲ. ಮೊದಲು ಕೋಸಂಬರಿ, ಪಲ್ಯ, ಬೇಳೆ. ಆಮೇಲೆ ಒಂದು ಹೋಳಿಗೆ, ಒಂದು ಚಮಚ ತುಪ್ಪ. ಅದರ ಮುಂದಿನ ಊಟ ಎಂದಿನಂತೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮಜ್ಜಿಗೆ. ತಿಂದುದಕ್ಕೆ ಪ್ರಾಯಶ್ಚಿತ್ತವೆಂದು ಉಪವಾಸ ಕೂರುವುದಿಲ್ಲ. ಉಪವಾಸ ಮುಂದಿನ ಹಸಿವನ್ನು ಬೆಳೆಸುತ್ತದೆ, ಆ ಹಸಿವು ಮತ್ತೆ ಡಬ್ಬಿಯ ದಾರಿ ಹಿಡಿಸುತ್ತದೆ.

ಇನ್ನು ಪ್ರಸಾದದ ಮಾತು. "ದಾಸೋಹದಲ್ಲಿ ಬೇಡವೆನ್ನುವುದು ಹೇಗೆ?" ಎಂದು ಹಲವರು ಕೇಳುತ್ತಾರೆ. ಪ್ರಸಾದವನ್ನು ಚೆಲ್ಲದೆ, ತಟ್ಟೆಯನ್ನು ತೊಳೆದು ಕುಡಿಯುವುದು ನಮ್ಮ ಹಿರಿಯರಿಂದ ಬಂದ ಸಂಪ್ರದಾಯ. ಚೆಲ್ಲುವಂತಿಲ್ಲವೆಂದ ಮೇಲೆ ಮಿತಿಯನ್ನು ನೀಡಿಸಿಕೊಳ್ಳುವಾಗಲೇ ಗೊತ್ತುಪಡಿಸಬೇಕಾಗುತ್ತದೆ. ಕೈ ಅಡ್ಡ ಹಿಡಿದು "ಇಷ್ಟೇ ಸಾಕು" ಎನ್ನುವುದು ಪ್ರಸಾದಕ್ಕೆ ತೋರುವ ಅಗೌರವವಲ್ಲ. ತೆಗೆದುಕೊಂಡಷ್ಟನ್ನು ಪೂರ್ತಿಯಾಗಿ ಸ್ವೀಕರಿಸುವ ಮರ್ಯಾದೆ. ಹುಗ್ಗಿಯ ಒಂದು ಚಮಚವೂ ಪ್ರಸಾದವೇ, ಒಂದು ಬಟ್ಟಲೂ ಪ್ರಸಾದವೇ. ಬಡಿಸುವ ತಾಯಂದಿರಲ್ಲಿಯೂ ನಮ್ಮ ಬಿನ್ನಹವಿದೆ: ಬೇಡವೆಂದವರ ಎಲೆಗೆ ಪ್ರೀತಿಯ ಒತ್ತಾಯದಿಂದ ಇನ್ನೊಂದು ಹೋಳಿಗೆ ಜಾರಿಸಬೇಡಿರಿ. ನಮ್ಮ ಅಣ್ಣನವರಿಗೆ ಹಾಗೆ ಬಡಿಸಿದವರಲ್ಲಿ ನಾವೂ ಒಬ್ಬರು.

ಕೆಲವರಿಗೆ ಈ ಒಂದು ಊಟದ ರಜೆಯೂ ವೈದ್ಯರನ್ನು ಕೇಳದೆ ಸಲ್ಲದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಒಂದು ಹೊತ್ತು ಬಿಟ್ಟು ಇನ್ನೊಂದು ಹೊತ್ತು ಹೆಚ್ಚು ಉಂಡರೆ, ಸಕ್ಕರೆ ಒಮ್ಮೆ ಅಪಾಯಕರವಾಗಿ ಇಳಿದು ಮತ್ತೊಮ್ಮೆ ವಿಪರೀತ ಏರಬಹುದು. ಮೂತ್ರಪಿಂಡದ ತೊಂದರೆಯವರು, ಗರ್ಭಿಣಿಯರು ತಮ್ಮ ವೈದ್ಯರ ಮಾತಿನಂತೆಯೇ ನಡೆಯಬೇಕು. ಒಮ್ಮೆ ತಿನ್ನಲಾರಂಭಿಸಿದರೆ ನಿಲ್ಲಿಸಲಾಗದೆ, ಬಳಿಕ ಕೊರಗಿ ಅಳುವ ಸ್ವಭಾವ ಮನೆಯ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಂಡುಬಂದರೆ ಅದು ಹೊಟ್ಟೆಬಾಕತನವಲ್ಲ, ಕಾಯಿಲೆಯಿರಬಹುದು. ಅವರನ್ನು ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಈ ವರ್ಷ ನಮ್ಮ ತೂಕ 77 ಕಿಲೋ, ಎಚ್‌ಬಿಎ1ಸಿ 5.8. ಹೊಸ್ತಿಲನ್ನು ಪೂರ್ತಿ ದಾಟಿ ಹಿಂದಕ್ಕೆ ಬಂದಿಲ್ಲ. ಆದರೆ ಒಂದು ಹೆಜ್ಜೆ ಹಿಂದೆ ಸರಿದಿದ್ದೇವೆ. ಪಂಚಮಿಗೆ ಮತ್ತೆ ಉಂಡಿ ಕಟ್ಟುತ್ತಾರೆ. ಗಾತ್ರ ಮೊದಲಿನ ಅರ್ಧ, ಡಬ್ಬಿಯೂ ಒಂದೇ. ಉಳಿದದ್ದು ಓಣಿಯ ಮಕ್ಕಳಿಗೆ. ಹಬ್ಬದೂಟದ ದಿನ ಡಬ್ಬಿ ತೆಗೆದು ಬಡಿಸುವ ಕೆಲಸವನ್ನು ಮೊಮ್ಮಗಳಿಗೆ ವಹಿಸಿದ್ದೇವೆ. ಅವಳು ಬಲು ಬಿಗಿ. ಒಂದೇ ಉಂಡಿ ಹಾಕಿ ಮುಚ್ಚಳ ಮುಚ್ಚುತ್ತಾಳೆ. ಇನ್ನೊಂದು ಬೇಕೆಂದರೆ, "ಮುಂದಿನ ವಾರ ಅಜ್ಜಾ" ಎನ್ನುತ್ತಾಳೆ.